ಬಂಗಲೆ ಅಂದ್ರೆ ಯಾವ ಮನೆ?

ಬಂಗಲೆ ಅಂದ್ರೆ ನನಗೆ ಮೊದಲು ನೆನಪಾಗೋದು ಸುರಪುರದ ಟೇಲರ್ ಮಂಜಿಲ್. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ್ದು. ಮಂಜಿಲ್ ಅರಬ್ಬಿ ಪದ. ಪಯಣಿಗರು ಇಳಿದುಕೊಳ್ಳುವ ತಾಣ. ಟೇಲರ್‌ಗೆ ಸರಿಯಾಗೇ ಒಪ್ಪುತ್ತೆ ಬಿಡಿ!

ಬಂಗಲೆಯೂ ಇಂಗ್ಲಿಷರದ್ದಲ್ಲ. ‘ಬಂಗ್ಲಾ’ ಅಂದ್ರೆ ಬಂಗಾಳದ್ದು, ಅಲ್ಲಿನ ಹುಲ್ಲುಚಾವಣಿಯ ಮನೆ. 17ನೇ ಶತಮಾನದಲ್ಲಿ ಕಂಪನಿಯವರ ಬಾಯಿಗೆ ಬಿತ್ತು, ಆಮೇಲೆ ಸಾಹೇಬರ ನಿವಾಸವಾಯ್ತು. ಇವತ್ತು ಇಂಗ್ಲೆಂಡಿನಲ್ಲಿ ಅದು ಒಂದೇ ಅಂತಸ್ತಿನ ಸಾಧಾರಣ ಮನೆ. ನಮ್ಮಲ್ಲಿ ಸಿರಿವಂತರ ಮಹಲು. ಯಾದಗಿರಿ, ಶಹಾಪುರದಲ್ಲಿ ‘ಐಬಿ’ ಅಂತಾರಲ್ಲ, ಅದರೊಳಗಿನ ‘ಬಿ’ ಕೂಡ ಇದೇ.

ಗುಳೆ ಹೋದ ನಮ್ಮ ಜಿಲ್ಲೆಯ ಜನ ಬೆಂಗಳೂರಲ್ಲಿ ಇಂಥ ಬಂಗಲೆ ಕಟ್ಟಿ, ರಾತ್ರಿ ತಗಡಿನ ಶೆಡ್ಡಿನಾಗ ಮಲಗ್ತಾರ. ಮನಿ ಎಲ್ಲಿ ಅಂತ ಕೇಳಿದ್ರ, ಹೇಳೋದು ಊರಿನ ಹೆಸರೇ.