ಹೆಸರು ಕಳೆದುಕೊಂಡ ಮೆಣಸು

ಥಾಯ್ ಭೋಜನಾಲಯದಲ್ಲಿ 'ತೊಮ್ ಯಾಮ್' ಸಾರನ್ನು ಸವಿಯುವವರ ನಾಲಗೆಗೆ ಮೊದಲು ತಾಗುವುದು ಮೆಣಸಿನಕಾಯಿಯ ಖಾರ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಏಷ್ಯಕ್ಕೆ ಅದನ್ನು ತಂದವರು ಪೋರ್ಚುಗೀಸರು. 1511ರಲ್ಲಿ, ಮಲಾಕ್ಕವನ್ನು ಗೆದ್ದ ವರ್ಷವೇ, ಅವರ ದೂತ ಸಯಾಮಿನ ರಾಜಧಾನಿ ಅಯುತ್ಥಯವನ್ನು ಮುಟ್ಟಿದ. ಅದಕ್ಕೂ ಹಿಂದೆ ಅಲ್ಲಿ 'ಪ್ರಿಕ್' ಎಂದರೆ ಕಾಳುಮೆಣಸು. ಹೊಸಬ ಆ ಹೆಸರನ್ನೇ ಕಸಿದುಕೊಂಡ. ಹಳಬ ತನ್ನನ್ನು 'ಪ್ರಿಕ್ ಥಾಯ್', ಎಂದರೆ ಥಾಯ್ ಮೆಣಸು, ಎಂದು ಹೇಳಿಕೊಳ್ಳಬೇಕಾಯಿತು. ನಮ್ಮಲ್ಲಿಯೂ ಮೆಣಸು 'ಒಳ್ಳೆಮೆಣಸು' ಆಗಬೇಕಾಯಿತಷ್ಟೆ! ಆದರೂ ಹಳಬ ಅಡುಗೆಮನೆ ಬಿಟ್ಟು ಹೋಗಿಲ್ಲ. ಬೆಳ್ಳುಳ್ಳಿ, ಕೊತ್ತಂಬರಿಯ ಬೇರು, ಮೆಣಸಿನ ಕಾಳು, ಈ ಮೂರನ್ನು ಒರಳಿನಲ್ಲಿ ಕುಟ್ಟಿದ ಮುದ್ದೆ ಇಂದಿಗೂ ಅನೇಕ ಥಾಯ್ ಅಡುಗೆಗಳ ತಳಹದಿ. ಮನೆಯಲ್ಲಿ ನಾನು ಅದನ್ನು ಕುಟ್ಟುವಾಗ ನಮ್ಮ ಮೆಣಸುಸಾರಿನ ಪರಿಮಳವೇ ಏಳುತ್ತದೆ. ಮೆಣಸಿನಕಾಯಿಯನ್ನು ಆಮೇಲೆ, ಅಳತೆಯಿಟ್ಟು, ಹಾಕುತ್ತೇನೆ.