ಮೈನೋವಿನ ಮರೆಯಲ್ಲಿ ಮನಸ್ಸಿನ ನೋವು

ಎದೆ ಭಾರ. ತಲೆಯೊಳಗೆ ಉರಿ. ಕೈಕಾಲು ಸೆಳೆತ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಊಟ ಸೇರುವುದಿಲ್ಲ, ಸುಸ್ತು ಬಿಡುವುದಿಲ್ಲ. ಇಷ್ಟೆಲ್ಲ ಹೇಳಿಕೊಂಡು ವೈದ್ಯರ ಬಳಿಗೆ ಹೋದವರ ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲವೂ ‘ನಾರ್ಮಲ್’ ಎಂದು ಬಂದರೆ ಮನೆಯವರಿಗೆ ನೆಮ್ಮದಿ. ನೋವು ತಿನ್ನುತ್ತಿರುವವರಿಗೆ ಮಾತ್ರ ಅದೇ ದೊಡ್ಡ ಸಂಕಟ. ಏನೂ ಇಲ್ಲ ಎಂದು ಕಾಗದ ಹೇಳುತ್ತದೆ, ಇದೆ ಎಂದು ಮೈ ಹೇಳುತ್ತದೆ. ಇನ್ನೊಬ್ಬ ವೈದ್ಯರು, ಇನ್ನೊಂದು ಪರೀಕ್ಷೆ, ನಡುವೆ ಒಂದು ಹರಕೆ. ಹೀಗೆ ವರ್ಷಗಳು ಕಳೆಯುತ್ತವೆ.

ಇಂಥವರಲ್ಲಿ ಅನೇಕರ ಕಾಯಿಲೆಯ ಹೆಸರು ಖಿನ್ನತೆ. ಅದು ತನ್ನ ಹೆಸರಿನಲ್ಲಿ ಬರುವುದು ಕಡಿಮೆ. ಮೈನೋವಿನ ವೇಷದಲ್ಲಿ ಬರುವುದೇ ಹೆಚ್ಚು. ಏಕೆ ಹೀಗೆ ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲೇ, ಜಯನಗರದಿಂದ ಬಸ್ಸಿನಲ್ಲಿ ಕೆಲವೇ ನಿಲ್ದಾಣಗಳಾಚೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ. ಅಲ್ಲಿನ ವೈದ್ಯರಾದ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ವಿದೇಶದ ಅವರ ಸಹೋದ್ಯೋಗಿಗಳು ಹೊರರೋಗಿ ವಿಭಾಗಕ್ಕೆ ಬಂದ 80 ಮಂದಿಯನ್ನು ಸಾವಧಾನವಾಗಿ ಮಾತನಾಡಿಸಿ, ತಾವು ಕಂಡದ್ದನ್ನು 1996ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ದುಃಖ, ನಿರಾಸಕ್ತಿ, ಬದುಕು ಬೇಡವೆನಿಸುವಿಕೆಯಂಥ ಲಕ್ಷಣಗಳು ಹೆಚ್ಚಿದ್ದವರಲ್ಲಿ ನಾಲ್ಕು ಜನರ ಎದುರು ತಲೆತಗ್ಗಿಸಬೇಕಾದೀತೆಂಬ ಅಳುಕೂ ಹೆಚ್ಚಿತ್ತು. ನೋವು, ಸುಸ್ತು, ಸೆಳೆತದಂಥ ದೇಹದ ಲಕ್ಷಣಗಳು ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆಯಿತ್ತು. ತಲೆನೋವು ಯಾರಿಗಿಲ್ಲ? ಅದನ್ನು ಹೇಳಿಕೊಂಡರೆ ಮಗಳ ಮದುವೆ ನಿಲ್ಲುವುದಿಲ್ಲ. ಮನಸ್ಸಿನ ಮಾತು ಹಾಗಲ್ಲ.

ಇದರರ್ಥ ರೋಗಿಗಳು ಸುಳ್ಳು ಹೇಳುತ್ತಾರೆಂದಲ್ಲ. ಖಿನ್ನತೆಯಲ್ಲಿ ಮೈ ನಿಜವಾಗಿಯೂ ನೋಯುತ್ತದೆ, ನಿದ್ದೆ ಹಸಿವೆಗಳು ನಿಜವಾಗಿಯೂ ಕೆಡುತ್ತವೆ. ಆದರೆ ಇರುವ ಹತ್ತು ಸಂಕಟಗಳಲ್ಲಿ ಹೇಳಲು ಯೋಗ್ಯವಾದವು ಯಾವುವು, ನುಂಗಿಕೊಳ್ಳಬೇಕಾದವು ಯಾವುವು ಎಂಬುದನ್ನು ಸಮಾಜ ಮೊದಲೇ ತೀರ್ಮಾನಿಸಿರುತ್ತದೆ. ಆ ತೀರ್ಮಾನದ ಹಿಂದೆ ಒಂದು ಆಸ್ಪತ್ರೆಯ ಗೇಟಿನ ಚರಿತ್ರೆಯೂ ಇದೆ.

ಮನಸ್ಸಿನ ಕುಸಿತ ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆ ವಿಷಾದವನ್ನು ವಾತದಿಂದ ಹುಟ್ಟುವ ವಿಕಾರಗಳ ಪಟ್ಟಿಯಲ್ಲಿ ಸೇರಿಸಿದೆ. ಯಾವುದೇ ರೋಗವನ್ನು ಉಲ್ಬಣಗೊಳಿಸುವುದರಲ್ಲಿ ಅದೇ ಮುಂದು ಎಂದೂ ಹೇಳಿದೆ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ಅಲ್ಲಿಯೂ ಅರ್ಜುನನ ಮನಸ್ಸಿನ ಸ್ಥಿತಿ ಮೈಯಲ್ಲೇ ಕಾಣಿಸಿಕೊಳ್ಳುತ್ತದೆ: ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಬಿಲ್ಲು ಕೈಯಿಂದ ಜಾರುತ್ತದೆ. ಆದರೆ ಬೇಸರ, ಬೇಜಾರು, ಮಂಕು, ಚಿಂತೆ ಎಂಬ ಮನೆಮಾತುಗಳಿಗೂ ‘ಹುಚ್ಚು’ ಎಂಬ ಭಯಂಕರ ಪದಕ್ಕೂ ನಡುವೆ ಒಂದು ಕಾಯಿಲೆಗೆ ಆಡುಮಾತಿನಲ್ಲಿ ಜಾಗವಿರಲಿಲ್ಲ. ಬೇಸರಕ್ಕೆ ಯಾರೂ ವೈದ್ಯರ ಹತ್ತಿರ ಹೋಗುವುದಿಲ್ಲ. ಹುಚ್ಚು ಎಂದರೆ ಯಾರೂ ಒಪ್ಪುವುದಿಲ್ಲ.

ಬೆಂಗಳೂರಿನಲ್ಲಿ ಹುಚ್ಚರಿಗೆಂದು ಆಶ್ರಯತಾಣ ಆರಂಭವಾದದ್ದು 19ನೇ ಶತಮಾನದ ನಡುಭಾಗದಲ್ಲಿ, ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬ ಸರ್ಜನ್ ಕಾಲದಲ್ಲಿ. ಆ ಕಾಲದ ವೈದ್ಯರು ‘ಮೆಲಂಕೋಲಿಯಾ’ ಎಂಬ ರೋಗವನ್ನು ಬಲ್ಲವರೇ. ಆದರೆ ಅಂಥ ತಾಣಗಳ ಬಾಗಿಲಿಗೆ ಬರುತ್ತಿದ್ದವರು ಹೆಚ್ಚಾಗಿ ಬೀದಿಯಲ್ಲಿ ಗದ್ದಲ ಮಾಡಿದವರು, ಮನೆಯವರ ಕೈಮೀರಿದವರು. ಗೋಡೆಗೆ ಮುಖಮಾಡಿ ಸುಮ್ಮನೆ ಕುಳಿತವರಿಂದ ಯಾರಿಗೂ ತೊಂದರೆಯಿಲ್ಲವಲ್ಲ. ಅವರು ಮನೆಯಲ್ಲೇ ಉಳಿದರು. ಖಿನ್ನತೆಯ ಚರಿತ್ರೆ ಬರೆಯಹೊರಟವರಿಗೆ ಎದುರಾಗುವ ತೊಡಕೂ ಇದೇ: ಸದ್ದು ಮಾಡದವರಿಗೆ ದಾಖಲೆಗಳಿರುವುದಿಲ್ಲ.

1925ರಲ್ಲಿ ಮೈಸೂರು ಸರ್ಕಾರ ‘ಲುನಾಟಿಕ್ ಅಸೈಲಮ್’ ಎಂಬ ಹೆಸರನ್ನು ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಕೂಡಿಹಾಕುವ ಜಾಗ ಚಿಕಿತ್ಸೆಯ ಜಾಗವಾಗಬೇಕೆಂಬ ಉದ್ದೇಶ ಆ ಹೆಸರಿನಲ್ಲಿತ್ತು. ಡಾ. ಫ್ರಾಂಕ್ ನೊರೋನ್ಹಾ ಅದರ ಮುಖ್ಯಸ್ಥರಾಗಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ, ಆಸ್ಪತ್ರೆ ಹೊಸೂರು ರಸ್ತೆಯ ಲಕ್ಕಸಂದ್ರದ ವಿಶಾಲ ಆವರಣಕ್ಕೆ ಬಂತು. ಆಗ ಅದು ಊರಾಚೆ. ಜಯನಗರ ಇನ್ನೂ ಹುಟ್ಟಿರಲಿಲ್ಲ. 1948ರಲ್ಲಿ ಆ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲೆ ಊರು ಬೆಳೆಯುತ್ತ ಬೆಳೆಯುತ್ತ ಆಸ್ಪತ್ರೆಯ ಗೋಡೆಗೆ ಬಂದು ತಾಗಿತು, ದಾಟಿಯೂ ಹೋಯಿತು. ದೂರ ಕಡಿಮೆಯಾದರೂ ಅಂಜಿಕೆ ಕಡಿಮೆಯಾಗಲಿಲ್ಲ. ಆಸ್ಪತ್ರೆಯ ಹೆಸರು ಹೇಳಿ ಗೆಳೆಯರನ್ನು ಗೇಲಿ ಮಾಡುವುದು ಬೆಂಗಳೂರಿಗರಿಗೆ ಇಂದಿಗೂ ಬಿಡದ ಚಾಳಿ.

1954ರಲ್ಲಿ ಕೇಂದ್ರ ಸರ್ಕಾರ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆಯಿತು. ಮೈಸೂರು ಸಂಸ್ಥಾನದ ಕಾಲದಿಂದಲೂ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದ ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ದೇಶಕ್ಕೆ ಬೇಕಾದ ಮನೋವೈದ್ಯರನ್ನು, ಮನಶ್ಶಾಸ್ತ್ರಜ್ಞರನ್ನು ತರಬೇತು ಮಾಡುವ ಕೆಲಸ ಅಲ್ಲಿ ಶುರುವಾಯಿತು. ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು.

ಅಷ್ಟು ಹೊತ್ತಿಗೆ ಚಿಕಿತ್ಸೆಯ ಸ್ವರೂಪವೇ ಬದಲಾಗಿತ್ತು. 1938ರಲ್ಲಿ ರೋಮ್ ನಗರದಲ್ಲಿ ವಿದ್ಯುತ್ ಚಿಕಿತ್ಸೆಯ ಮೊದಲ ಪ್ರಯೋಗ ನಡೆದಿತ್ತು. ಸಿನಿಮಾದವರು ಅದನ್ನು ಶಿಕ್ಷೆಯೆಂಬಂತೆ ತೋರಿಸಿ ಮಾಡಿದ ಅಪಚಾರ ಸಣ್ಣದಲ್ಲ. ಅರಿವಳಿಕೆ ಕೊಟ್ಟು ಮಾಡುವ ಆ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಇಂದಿಗೂ ಜೀವ ಉಳಿಸುತ್ತದೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ‘ಇಮಿಪ್ರಮಿನ್’ ಎಂಬ ಔಷಧಿ ಖಿನ್ನರನ್ನು ಮೇಲೆತ್ತುತ್ತದೆಂದು ವರದಿ ಮಾಡಿದರು. ಖಿನ್ನತೆಗೆ ಮಾತ್ರೆಯುಂಟು ಎಂಬುದೇ ಆಗ ಹೊಸ ಸುದ್ದಿ. ಇದರ ಮಗ್ಗುಲಲ್ಲೇ ನಮ್ಮ ಸರ್ಪಗಂಧಿಯ ಕತೆಯೂ ಬರುತ್ತದೆ. ಅದರ ಬೇರಿನಿಂದ ತೆಗೆದ ‘ರಿಸರ್ಪಿನ್’ ಅನ್ನು ರಕ್ತದೊತ್ತಡಕ್ಕೆ ಕೊಟ್ಟಾಗ ಕೆಲವರು ಮಂಕಾದರೆಂಬ ವರದಿಗಳು ಬಂದವು. ಮಿದುಳಿನ ರಾಸಾಯನಿಕಗಳಿಗೂ ಮನಸ್ಸಿನ ಸ್ಥಿತಿಗೂ ನಂಟಿದೆಯೆಂಬ ಊಹೆಗೆ ಅದೂ ಒಂದು ಸುಳಿವಾಯಿತು. ಯಾವುದೋ ಒಂದು ರಾಸಾಯನಿಕದ ಕೊರತೆಯೇ ಖಿನ್ನತೆ ಎಂಬ ಸರಳ ವಿವರಣೆಯನ್ನು ಇಂದಿನ ತಜ್ಞರು ಒಪ್ಪುವುದಿಲ್ಲ. ವಂಶಪಾರಂಪರ್ಯ, ಬಾಲ್ಯದ ಪೆಟ್ಟುಗಳು, ಸಾವು, ಸಾಲ, ಒಂಟಿತನ, ಹೆರಿಗೆ, ದೀರ್ಘಕಾಲದ ಕಾಯಿಲೆ ಎಲ್ಲವೂ ಅದರಲ್ಲಿ ಹೆಣೆದುಕೊಂಡಿರುತ್ತವೆ.

ನಿಮ್ಹಾನ್ಸ್ ವೈದ್ಯರು ಯೋಗವನ್ನೂ ಒರೆಗೆ ಹಚ್ಚಿದ್ದುಂಟು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 45 ಖಿನ್ನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್, ಇನ್ನೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿಸಿದರು. ವಿದ್ಯುತ್ ಚಿಕಿತ್ಸೆ ಎಲ್ಲಕ್ಕಿಂತ ಮುಂದಿತ್ತು. ಉಸಿರಾಟದ ಅಭ್ಯಾಸ ಮಾತ್ರೆಗೆ ಹತ್ತಿರ ಬಂದಿತ್ತು. ಹಾಗೆಂದು ಮಾತ್ರೆ ನುಂಗುತ್ತಿರುವವರು ಅದನ್ನು ಕಿಟಕಿಯಾಚೆ ಎಸೆಯಬಹುದೆಂದಲ್ಲ. ಗುಂಪಿಗೆ 15 ಮಂದಿಯಷ್ಟೇ ಇದ್ದ ಅಧ್ಯಯನ ಅದು.

ಖಿನ್ನತೆ ನಗರಗಳ ಕಾಯಿಲೆ, ಟ್ರಾಫಿಕ್ಕು ಮತ್ತು ಟಾರ್ಗೆಟ್ಟುಗಳ ಫಲ ಎಂದು ನಂಬಿದವರಿದ್ದಾರೆ. ಬಿಟಿಎಂ ಲೇಔಟಿನ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಊರು ಬಿಟ್ಟು ಬಂದ ಹುಡುಗನಿಗೂ, ಮಕ್ಕಳೆಲ್ಲ ಅಮೆರಿಕ ಸೇರಿ ಖಾಲಿಯಾದ ಜಯನಗರದ ಮನೆಯಲ್ಲಿ ಉಳಿದ ವೃದ್ಧ ದಂಪತಿಗೂ ಒಂಟಿತನ ಕಾಡುವುದು ನಿಜ. ಆದರೆ ಹಳ್ಳಿಗಳೇನು ನೆಮ್ಮದಿಯ ಬೀಡುಗಳಲ್ಲ. ಇದನ್ನು ತೋರಿಸಿಕೊಟ್ಟ ಪುಸ್ತಕ ಕರಾವಳಿಯ ಕೋಟದ ಬಗ್ಗೆಯೇ ಇದೆ. ಶಿವರಾಮ ಕಾರಂತರು ಹುಟ್ಟಿದ ಆ ಊರಿಗೆ ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಹೋಗಿ, ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳ ಮನೆಗಳನ್ನು ಹೊಕ್ಕು ಮಾತನಾಡಿಸಿ ಬರೆದ ಗ್ರಂಥ 1976ರಲ್ಲಿ ಹೊರಬಂತು. ಪಾಶ್ಚಾತ್ಯ ಪ್ರಶ್ನಾವಳಿ ಇಲ್ಲಿಗೆ ಸಾಲದೆಂದು ಅವರು ನಮ್ಮ ಜನಕ್ಕೆ ಹೊಂದುವ ಬೇರೊಂದು ಪ್ರಶ್ನಾವಳಿಯನ್ನೇ ಸಿದ್ಧಪಡಿಸಬೇಕಾಯಿತು. ಸಂಕಟ ಬಂದಾಗ ಜನ ಪಂಡಿತರ ಬಳಿಗೆ, ಮಂತ್ರವಾದಿಯ ಬಳಿಗೆ, ದೈವದ ಪಾತ್ರಿಯ ಬಳಿಗೆ ಹೋಗುತ್ತಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಒಂದಕ್ಕೆ ಹೋದವರು ಇನ್ನೊಂದಕ್ಕೆ ಹೋಗಬಾರದೆಂಬ ಕಟ್ಟುಪಾಡು ಅವರಲ್ಲಿರಲಿಲ್ಲ. ಯಾರೂ ಬಾರದೆ ಉಳಿಯುತ್ತಿದ್ದದ್ದು ಮನೋವೈದ್ಯರ ಆಸ್ಪತ್ರೆಗೆ.

ಇದೇ ಕಪೂರ್ ಮುಂದೆ ನಿಮ್ಹಾನ್ಸ್ ಸೇರಿದರು. ರೋಗಿ ಗೇಟಿಗೆ ಬರದಿದ್ದರೆ ಗೇಟೇ ರೋಗಿಯ ಕಡೆಗೆ ಹೋಗಲಿ ಎಂಬ ವಿಚಾರಕ್ಕೆ 1970ರ ದಶಕದ ಕೊನೆಯರ್ಧದಲ್ಲಿ ರೂಪ ಬಂದದ್ದು ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರ ಎಂಬ ಹಳ್ಳಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದ್ದು ಅಲ್ಲಿ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಪ್ರಯೋಗ ದೊಡ್ಡದಾಗಿ ನಡೆಯಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇತ್ತ ಕನ್ನಡದಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ನಿಮ್ಹಾನ್ಸ್ ವೈದ್ಯರು ಪುಸ್ತಕಗಳ ಮೇಲೆ ಪುಸ್ತಕ ಬರೆದು, ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿ, ‘ಖಿನ್ನತೆ’ ಎಂಬ ಗ್ರಾಂಥಿಕ ಪದವನ್ನು ಮನೆಮಾತಿನ ಹತ್ತಿರಕ್ಕೆ ತಂದರು.

ಎರಡು ವಾರಕ್ಕೂ ಮಿಕ್ಕಿ ಬಹುತೇಕ ಪ್ರತಿದಿನ ಮನಸ್ಸು ಕುಗ್ಗಿಯೇ ಇದ್ದು, ಹಿಂದೆ ಖುಷಿ ಕೊಡುತ್ತಿದ್ದ ಯಾವುದರಲ್ಲೂ ರುಚಿಯಿಲ್ಲದೆ, ನಿದ್ದೆ, ಹಸಿವೆ, ಏಕಾಗ್ರತೆ ಕೆಟ್ಟು, ತಾನು ಯಾತಕ್ಕೂ ಬಾರದವನೆಂಬ ಭಾವ ಬಲಿತರೆ ಅದು ಬರಿಯ ಬೇಸರವಲ್ಲ ಎನ್ನುತ್ತಾರೆ ವೈದ್ಯರು. ಪುಸ್ತಕದ ಈ ಪಟ್ಟಿ ಮನೆಯೊಳಗೆ ಕಾಣುವ ಬಗೆ ಬೇರೆ. ಬೆಳಗಿನ ರಂಗೋಲಿ ನಿಲ್ಲುತ್ತದೆ. ಪಾರ್ಕಿನ ಬೆಂಚಿನ ಗೆಳೆಯರಿಗೆ ಒಬ್ಬರು ಕಾಣದಾಗುತ್ತಾರೆ. ಆಫೀಸಿಗೆ ರಜೆ ಚೀಟಿಗಳು ಹೆಚ್ಚುತ್ತವೆ. ಓದಿದ ಪುಟವನ್ನೇ ಓದುತ್ತ ಕೂತ ವಿದ್ಯಾರ್ಥಿಗೆ ಮನೆಯವರು ಸೋಮಾರಿ ಎಂಬ ಬಿರುದು ಕೊಡುತ್ತಾರೆ. ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತಾಗಿರುವವರಿಗೆ ‘ಧೈರ್ಯ ತಗೋ, ಎಲ್ಲರಿಗೂ ಕಷ್ಟ ಇರುತ್ತೆ’ ಎಂಬ ಉಪದೇಶ ಮೂರು ಹೊತ್ತೂ ಸಿಗುತ್ತದೆ. ಕಾಲು ಮುರಿದವರಿಗೆ ಯಾರೂ ಓಡು ಎನ್ನುವುದಿಲ್ಲ. ಪುರುಷರಿಗಿಂತ ಸ್ತ್ರೀಯರಲ್ಲಿ ಖಿನ್ನತೆ ಹೆಚ್ಚು. ಅವರ ದಣಿವನ್ನು ಕಾಯಿಲೆಯೆಂದು ಎಣಿಸುವವರು ಮಾತ್ರ ಕಡಿಮೆ.

ಗುಣವಾದ ಮೇಲಾದರೂ ಕತೆ ಮುಗಿಯುತ್ತದೆಯೇ? ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ‘ಶರಪಂಜರ’ವನ್ನು ಕನ್ನಡಿಗರು ಮರೆತಿಲ್ಲ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳಿಗೆ ಗುಣವಾಗಿದೆ, ಮನೆಯವರಿಗೆ, ನೆರೆಯವರಿಗೆ ಗುಣವಾಗಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಕಡೆಗೆ ಮತ್ತೆ ಆಸ್ಪತ್ರೆಯ ದಾರಿಯೇ ಅವಳಿಗೆ ಉಳಿಯುವುದು. ಅವಳದು ಖಿನ್ನತೆಗಿಂತ ತೀವ್ರವಾದ ಕಾಯಿಲೆ ಇರಬಹುದು. ಆದರೆ ಎದೆನೋವೆಂದು ಹೇಳಿಕೊಂಡು ಮನಸ್ಸಿನ ನೋವನ್ನು ಮುಚ್ಚಿಟ್ಟವರು ಹೆದರಿದ್ದು ಇದಕ್ಕೇ.

ಬೆಂಗಳೂರಿನಲ್ಲೇ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದಾಗ ಅದು ಸುದ್ದಿಯಾದದ್ದು ಸಹಜ. ಅವರೂ ಮೊದಲು ಗಮನಿಸಿದ್ದು ಹೊಟ್ಟೆಯಲ್ಲಿ ಏನೋ ಖಾಲಿಯಾದಂಥ ಅನುಭವವನ್ನು. ಇದು ಬರಿಯ ಬೇಸರವಲ್ಲವೆಂದು ಗುರುತಿಸಿದವರು ಅವರ ತಾಯಿ. ಅದೇ ವರ್ಷ ಅವರು ಸ್ಥಾಪಿಸಿದ ಪ್ರತಿಷ್ಠಾನ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ಹೆಸರುವಾಸಿಯಾದವರು ಹೇಳಿಕೊಂಡರೆ ಮೆಚ್ಚುಗೆ, ಬಡಾವಣೆಯ ಸೊಸೆ ಹೇಳಿಕೊಂಡರೆ ಗುಸುಗುಸು ಎಂಬ ವ್ಯತ್ಯಾಸವಂತೂ ಇದ್ದೇ ಇದೆ.

ಕಾನೂನು ಬದಲಾಗಲೂ ಬಹಳ ಕಾಲ ಹಿಡಿಯಿತು. ಖಿನ್ನತೆ ವಿಪರೀತಕ್ಕೆ ಹೋಗಿ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರು ಆಸ್ಪತ್ರೆಯ ಹಾಸಿಗೆಯಲ್ಲೇ ಪೊಲೀಸರಿಗೆ ಉತ್ತರಿಸಬೇಕಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಒದಗಿಸಬೇಕು ಎಂದಿತು.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳ ಸುಮಾರು 35 ಸಾವಿರ ವಯಸ್ಕರನ್ನು ಮಾತನಾಡಿಸಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಇಪ್ಪತ್ತು ಮಂದಿಯಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆ ಅನುಭವಿಸಿದವರು. ಖಿನ್ನತೆಯಿದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆ, ಹಣದ ಕೊರತೆ ಇದಕ್ಕೆ ಕಾರಣವೆನ್ನಬಹುದು. ಆದರೆ ಆಸ್ಪತ್ರೆ ಪಕ್ಕದಲ್ಲಿದ್ದು, ಜೇಬಿನಲ್ಲಿ ಹಣವಿದ್ದು, ಓದುಬರಹವೂ ಇದ್ದು ಹೋಗದವರ ಲೆಕ್ಕ ಹಿಡಿದವರಾರು?

ಬಹುಶಃ ಅಂಥವರನ್ನು ನೆನೆದೇ ನಿಮ್ಹಾನ್ಸ್ 2014ರಲ್ಲಿ ಬಿಟಿಎಂ ಲೇಔಟಿನ ಮನೆಗಳ ನಡುವೆ ಒಂದು ಕೇಂದ್ರ ತೆರೆಯಿತು. ಹೆಸರು ‘ಸೆಂಟರ್ ಫಾರ್ ವೆಲ್ ಬೀಯಿಂಗ್’. ಅದರಲ್ಲಿ ರೋಗ ಎಂಬ ಪದವಿಲ್ಲ, ಆಸ್ಪತ್ರೆ ಎಂಬ ಪದವೂ ಇಲ್ಲ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ದೂರವಾಣಿ ಸೇವೆ ಆರಂಭವಾಯಿತು. 14416 ಸಂಖ್ಯೆಗೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಹೊಸೂರು ರಸ್ತೆಯ ಗೇಟನ್ನು ಯಾರ ಕಣ್ಣಿಗೂ ಬೀಳದೆ ದಾಟುವ ಬಗೆ ಇದು. ನಿದ್ದೆ ಬರುತ್ತಿಲ್ಲ, ಎದೆ ಭಾರವಾಗಿದೆ ಎಂದಷ್ಟೇ ಹೇಳಿ ಮಾತು ಶುರುಮಾಡಿದರೂ ಆಗುತ್ತದೆ.