ಅಜ್ಜಿಯ ಡಬ್ಬಿಯ ನೀರುಳ್ಳಿ

ಧರ್ಮಸ್ಥಳದ ಅನ್ನಪ್ರಸಾದದಲ್ಲಿ ನೀರುಳ್ಳಿಯನ್ನು ಬಳಸುವುದಿಲ್ಲ. ಸುತ್ತಲಿನ ಸಂಪ್ರದಾಯಸ್ಥ ಜೈನರ ಮನೆಗಳಲ್ಲಿಯೂ ನೆಲದಡಿ ಬೆಳೆಯುವ ಗೆಡ್ಡೆಗಳು ವರ್ಜ್ಯ. (ನೀರುಳ್ಳಿ ಬೇರಲ್ಲ, ಎಲೆಗಳ ಉಬ್ಬಿದ ಬುಡವೆಂದು ತರಗತಿಯಲ್ಲಿ ಹೇಳಿದ್ದು ನೆನಪಿದೆಯಷ್ಟೆ?) ನನ್ನ ಅಜ್ಜಿಯೂ ಅದನ್ನು ಅಡುಗೆಮನೆಗೆ ಸೇರಿಸಿದವರಲ್ಲ. ನಮಗೆ ನೆಗಡಿಯಾದರೆ ಮಾತ್ರ ಮರದ ಡಬ್ಬಿಯಿಂದ ಬಿಳಿಯ ಸಕ್ಕರೆ ಗುಳಿಗೆ ತೆಗೆದು ನಾಲಿಗೆಯ ಮೇಲಿಡುತ್ತಿದ್ದರು, ತಾವೂ ಸೇವಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಸೀಸೆಯ ಚೀಟಿಯನ್ನು ಓದಿದೆ: 'ಅಲಿಯಂ ಸೆಪಾ 30'. ಎಂದರೆ ನೀರುಳ್ಳಿ!

ಕಣ್ಣುಮೂಗುಗಳಲ್ಲಿ ನೀರಿಳಿಸುವ ವಸ್ತುವೇ ಅಂತಹ ನೆಗಡಿಗೆ ಮದ್ದೆಂಬುದು ಜರ್ಮನಿಯ ಹಾನೆಮನ್ 1796ರಲ್ಲಿ ಮಂಡಿಸಿದ ತತ್ತ್ವದ ತರ್ಕ. ಈ ಪದ್ಧತಿಯನ್ನು ನಮ್ಮ ಜಿಲ್ಲೆಯಲ್ಲಿ ಬೇರೂರಿಸಿದವರೂ ಜರ್ಮನಿಯವರೇ, ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್. 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿ ಬಡವರಿಗೆ ಔಷಧಿ ಕೊಡತೊಡಗಿದರು. 1890ರಲ್ಲಿ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. 1910ರಲ್ಲಿ ನಿಧನರಾದರು.

ಅಜ್ಜಿಗೆ ಚೀಟಿಯ ಅರ್ಥ ತಿಳಿದಿತ್ತೋ ಇಲ್ಲವೋ, ಕೇಳಲು ಈಗ ಅವರಿಲ್ಲ. ನೂರಕ್ಕೆ ಒಂದರಂತೆ ಮೂವತ್ತು ಬಾರಿ ತೆಳುಗೊಳಿಸಿದ ಆ ಮದ್ದಿನಲ್ಲಿ ನೀರುಳ್ಳಿಯ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. ನಮ್ಮ ನೆಗಡಿ ವಾರದಲ್ಲಿ ತಾನಾಗಿಯೇ ಇಳಿಯುತ್ತಿತ್ತು. ಅಜ್ಜಿಯ ವ್ರತವೂ ಕೆಡಲಿಲ್ಲ.